ಬಯಲುಸೀಮೆಯಲ್ಲಿ ಸೈಕ್ಲೋಕ್ರಾಸ್ ಹಬ್ಬ: ಮೊದಲು ನೆಲ, ಆಮೇಲೆ ಬ್ಯಾನರ್

ಡಿಸೆಂಬರ್ ಬಂತಂದ್ರೆ ಸಾಕು, ಕೊಪ್ಪಳ, ಸಿಂಧನೂರು, ಬಳ್ಳಾರಿ ಕಡೆಯ ಸೈಕಲ್ ಗೆಳೆಯರಿಂದ ಒಂದೇ ಥರದ ಫೋನ್ ಬರುತ್ತವೆ. ಒಬ್ಬರ ಓಟದಲ್ಲಿ ಮೊದಲ ಸುತ್ತಿಗೇ ಅರ್ಧ ಜನರ ಟೈರಿಗೆ ಮುಳ್ಳು ಚುಚ್ಚಿದೆ. ಇನ್ನೊಬ್ಬರ ಕಡೆ ಹಿಂದಿನ ದಿನ ಸಣ್ಣ ಮಳೆ ಬಿದ್ದು, ಎರೆ (ಕಪ್ಪು) ಮಣ್ಣು ಚಕ್ರಕ್ಕೆ ಕಚ್ಚಿಕೊಂಡು, ಬಂದವರೆಲ್ಲ ಸೈಕಲ್ ಹೊತ್ತುಕೊಂಡು ವಾಪಸ್ ಹೋಗಿದ್ದಾರೆ. ಮತ್ತೊಂದು ಕಡೆ ಗೆದ್ದವರು ಯಾರು ಅನ್ನೋದೇ ತೀರ್ಮಾನ ಆಗಿಲ್ಲ, ಯಾಕಂದ್ರೆ ಸುತ್ತು ಎಣಿಸಲು ಕೂತ ಒಬ್ಬರೇ ಒಬ್ಬರು ನಡುವೆ ಎದ್ದು ಹೋಗಿದ್ದರು.

ಇಷ್ಟಕ್ಕೂ ಕಾರಣ ಒಂದೇ ಅಂತ ನನಗೆ ಅನಿಸುತ್ತದೆ. ಕೆಲಸದ ಕ್ರಮ ತಲೆಕೆಳಗಾಗಿರುತ್ತದೆ. ಬ್ಯಾನರ್, ಮೆಡಲ್, ಟೀ ಶರ್ಟು, ಅತಿಥಿಗಳ ಪಟ್ಟಿ ಎರಡು ತಿಂಗಳು ಮೊದಲೇ ರೆಡಿ ಇರುತ್ತದೆ. ಓಟದ ದಾರಿ ಮಾತ್ರ ಹಿಂದಿನ ದಿನ ಸಂಜೆ, ಮೊಬೈಲ್ ಟಾರ್ಚ್ ಹಿಡಿದುಕೊಂಡು ಗೂಟ ಹೊಡೆದದ್ದು. ಈ ಕ್ರಮವನ್ನು ತಿರುಗಿಸಿದರೆ ಮುಕ್ಕಾಲು ತೊಂದರೆ ಹೋಗುತ್ತದೆ.

ಹೊಸಬರಿಗೆ ಎರಡೇ ಮಾತು: ಸೈಕ್ಲೋಕ್ರಾಸ್ ಅಂದ್ರೆ ಹೊಲ, ಮರಳು, ಏರು, ಕೆಸರಿನ ಒಂದು ಸಣ್ಣ ಸುತ್ತನ್ನು ಮತ್ತೆ ಮತ್ತೆ ಸುತ್ತುವ ಓಟ. ಕೆಲವು ಕಡೆ ಇಳಿದು, ಸೈಕಲ್ ಹೊತ್ತು ಓಡಬೇಕು. ಗೆಲುವು ಕಿಲೋಮೀಟರಿನ ಮೇಲಲ್ಲ, ನಿಗದಿ ಮಾಡಿದ ಸಮಯದ ಮೇಲೆ ನಡೆಯುತ್ತದೆ.

ಹಂತ 1: ದಿನಾಂಕ

ಯುರೋಪಿನಲ್ಲಿ ಈ ಓಟಗಳು ಸೆಪ್ಟೆಂಬರಿನಿಂದ ಫೆಬ್ರವರಿವರೆಗೆ ನಡೆಯುತ್ತವೆ. ಅದನ್ನು ನೋಡಿ ನಾವೂ ಅಕ್ಟೋಬರಿನಲ್ಲಿ ಇಟ್ಟುಕೊಂಡರೆ ಕೆಟ್ಟೆವು. ಹಿಂಗಾರು ಮಳೆ ಆಗ ಯಾವತ್ತು ಬೀಳುತ್ತದೆ ಹೇಳೋಕಾಗಲ್ಲ, ಹೊಲದಲ್ಲಿ ಬೆಳೆಯೂ ಇರುತ್ತದೆ. ಡಿಸೆಂಬರ್ ಎರಡನೇ ವಾರದಿಂದ ಫೆಬ್ರವರಿ ಮೊದಲ ವಾರದವರೆಗೆ ನಮಗೆ ಸರಿಯಾದ ಸಮಯ. ಅಲ್ಲಿಂದ ಮುಂದೆ ಬಳ್ಳಾರಿ, ರಾಯಚೂರಿನ ಬಿಸಿಲು ಏರುತ್ತಾ ಹೋಗುತ್ತದೆ.

ಈ ಎರಡು ತಿಂಗಳಲ್ಲೂ ಜನ ಬೇರೆ ಕಡೆ ಇರುವ ದಿನಗಳಿವೆ. ಎಳ್ಳಮಾವಾಸ್ಯೆಗೆ ರೈತರು ಚರಗ ಚೆಲ್ಲಲು ಹೊಲಕ್ಕೆ ಹೋಗುತ್ತಾರೆ, ಸಂಕ್ರಾಂತಿಗೆ ಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ತುಂಗಭದ್ರೆಯ ಕಡೆ. ಕೊಪ್ಪಳದಲ್ಲಂತೂ ಜನವರಿಯ ಗವಿಮಠದ ಜಾತ್ರೆ ಸಮಯಕ್ಕೆ ಓಟ ಇಡೋ ಯೋಚನೆಯನ್ನೇ ಮಾಡಬೇಡಿ. ಪೊಲೀಸರು, ಆಂಬುಲೆನ್ಸ್, ಟ್ಯಾಂಕರ್, ಶಾಮಿಯಾನ ಯಾವುದೂ ಸಿಗಲ್ಲ.

ಹಂತ 2: ನೆಲ ನೋಡೋದು

ಇಲ್ಲಿಗೆ ಎಷ್ಟು ಸಮಯ ಕೊಟ್ಟರೂ ಕಡಿಮೆ. ನಮ್ಮ ಕೊಪ್ಪಳ, ರಾಯಚೂರು, ಬಳ್ಳಾರಿ ಮೂರೂ ಜಿಲ್ಲೆಯಲ್ಲಿ ಮುಖ್ಯವಾಗಿ ಎರಡು ಥರದ ಭೂಮಿ: ಎರೆ ಮತ್ತು ಮಸಾರಿ, ಅಂದ್ರೆ ಕಪ್ಪು ಮತ್ತು ಕೆಂಪು. ಓಟಕ್ಕೆ ಮಸಾರಿಯೇ ಬೇಕು. ಶೇಂಗಾ ಕಿತ್ತು ಬೀಳು ಬಿಟ್ಟ ಕೆಂಪು ಹೊಲ, ಸ್ವಲ್ಪ ಗರಸು ಬೆರೆತದ್ದು, ಒಂದು ಮಗ್ಗುಲಿಗೆ ಸಣ್ಣ ದಿಬ್ಬ ಇದ್ದರೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಮಳೆ ಬಂದರೂ ನೀರು ಇಂಗುತ್ತದೆ, ಮಣ್ಣು ಚಕ್ರ ಬಿಡುತ್ತದೆ.

ಎರೆ ಹಾಗಲ್ಲ. ಒಣಗಿದಾಗ ಸಿಮೆಂಟಿನ ಹಾಗೆ ಗಟ್ಟಿ ಇರುತ್ತದೆ, ನೋಡಿದವರಿಗೆ ಒಳ್ಳೇ ಟ್ರ್ಯಾಕ್ ಅನಿಸುತ್ತದೆ. ಆದರೆ ಅದಕ್ಕೆ ಎರಡು ರೋಗ. ಒಂದು, ಬಿರುಕು. ಸೈಕ್ಲೋಕ್ರಾಸ್ ಟೈರಿನ ಅಗಲ ಅಂತರರಾಷ್ಟ್ರೀಯ ನಿಯಮದ ಪ್ರಕಾರ ಹೆಚ್ಚೆಂದರೆ 33 ಮಿ.ಮೀ. ಎರೆ ಹೊಲದ ಬಿರುಕು ಅದಕ್ಕಿಂತ ಅಗಲ ಇರಬಹುದು. ಬಿರುಕು ಅಡ್ಡ ಬಂದರೆ ಕುಲುಕಾಟ ಅಷ್ಟೆ, ಓಡುವ ದಿಕ್ಕಿಗೇ ಉದ್ದಕ್ಕೆ ಬಂದರೆ ಮುಂದಿನ ಚಕ್ರ ಒಳಗೆ ಕೂತು ಸವಾರ ತಲೆ ಮೇಲಾಗಿ ಬೀಳುತ್ತಾನೆ. ಎರಡನೇದು, ಹಸಿ. ಹತ್ತು ನಿಮಿಷದ ಮಳೆಗೇ ಅದು ಹಿಟ್ಟಿನ ಥರ ಆಗಿ, ಚಕ್ರದ ಜೊತೆ ಸುತ್ತಿ ಸುತ್ತಿ ಬ್ರೇಕಿನ ಹತ್ತಿರ ತುಂಬಿಕೊಂಡು ಗಾಲಿ ನಿಂತೇ ಬಿಡುತ್ತದೆ. ಬೆಲ್ಜಿಯಂನಲ್ಲಿ ಕೆಸರಲ್ಲೇ ಓಡುತ್ತಾರಲ್ವಾ ಅಂತ ಕೇಳಬೇಡಿ, ಅಲ್ಲಿ ಪ್ರತಿ ಸವಾರನಿಗೂ ಇನ್ನೊಂದು ಸೈಕಲ್ ಇರುತ್ತದೆ, ತೊಳೆದುಕೊಡಲು ಜನ ಇರುತ್ತಾರೆ. ನಮ್ಮ ಹುಡುಗರಿಗೆ ಇರೋದು ಒಂದೇ ಸೈಕಲ್.

ಅನುಮಾನ ಇದ್ದರೆ ಒಂದು ಸರಳ ಪರೀಕ್ಷೆ ಇದೆ. ಒಂದು ಹಿಡಿ ಮಣ್ಣಿಗೆ ನೀರು ಹಾಕಿ ನಾದಿ, ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಒತ್ತಿ ಪಟ್ಟಿ ತೆಗೆಯಿರಿ. ಅರ್ಧ ಬೆರಳು ಉದ್ದಕ್ಕೇ ಮುರಿದು ಬಿದ್ದರೆ ಆ ನೆಲ ಸರಿ. ಉದ್ದ ಪಟ್ಟಿ ಮುರಿಯದೆ ಜೋತು ಬಿದ್ದರೆ ಅದರಲ್ಲಿ ಜಿಗುಟು ಜಾಸ್ತಿ, ಬೇರೆ ಹೊಲ ನೋಡಿ. ಒಂದೇ ಹೊಲದಲ್ಲಿ ಮೇಲ್ಗಡೆ ಮಸಾರಿ, ಕೆಳಗಡೆ ಎರೆ ಇರೋದೂ ಉಂಟು, ಹಾಗಾಗಿ ನಾಲ್ಕು ಮೂಲೆಯಲ್ಲೂ ಪರೀಕ್ಷೆ ಮಾಡಿ.

ಜಾಗ 6 ರಿಂದ 8 ಎಕರೆ ಇದ್ದರೆ ನೆಮ್ಮದಿ. ಬಾವಿ, ತೆರೆದ ಕಾಲುವೆ, ಕೆಳಗೆ ಜೋತಾಡುವ ಕರೆಂಟಿನ ತಂತಿ ಇದ್ದರೆ ಬೇಡವೇ ಬೇಡ. ಆನೆಗೊಂದಿ, ಗಂಗಾವತಿ ಸುತ್ತಿನ ಬೆಟ್ಟದ ಬುಡ ನೋಡಲು ಚೆಂದ, ಆದರೆ ಅಲ್ಲಿ ಚಿರತೆ, ಕರಡಿ ಓಡಾಡುತ್ತವೆ. ನಸುಕಿನಲ್ಲಿ ಗೂಟ ಹೊಡೆಯಲು ಹುಡುಗರನ್ನು ಕಳಿಸುವ ಜಾಗ ಅದಲ್ಲ. ಸ್ಮಾರಕದ ಹತ್ತಿರವೂ ಬೇಡ, ಹಾರೆ ಇಳಿಸಿದರೆ ಅಪರಾಧ ಆಗುತ್ತದೆ.

ಹಂತ 3: ಒಪ್ಪಿಗೆ

ಹೊಲದವರ ಒಪ್ಪಿಗೆ ಬರಹದಲ್ಲಿ ಇರಲಿ, ಅದರಲ್ಲಿ ಯಾವ ದಿನದಿಂದ ಯಾವ ದಿನದವರೆಗೆ ಅಂತ ಬರೆದಿರಲಿ. ಆಮೇಲೆ ಗ್ರಾಮ ಪಂಚಾಯಿತಿಗೆ ಪತ್ರ, ಪೊಲೀಸ್ ಠಾಣೆಗೆ ಪತ್ರ. ಮೈಕ್ ಹಚ್ಚಲು ಬೇರೆ ಅನುಮತಿ ಬೇಕು, ಅದನ್ನು ಜನ ಮರೆಯುತ್ತಾರೆ. ರಾಜ್ಯ ಮಟ್ಟದ ಅಂಕ, ಆಯ್ಕೆ ಇಂಥದ್ದೇನಾದರೂ ನಿಮ್ಮ ತಲೆಯಲ್ಲಿದ್ದರೆ ಮಾತ್ರ ರಾಜ್ಯದ ಸೈಕ್ಲಿಂಗ್ ಸಂಸ್ಥೆಯ ಜೊತೆ ಮೊದಲೇ ಮಾತಾಡಿ. ಇಲ್ಲದಿದ್ದರೆ ಸ್ಥಳೀಯ ಓಟ ಅಂತ ಸ್ಪಷ್ಟವಾಗಿ ಹಾಕಿ.

ಎಲ್ಲಕ್ಕಿಂತ ಮುಖ್ಯ, ಕುರಿ ಮೇಯಿಸುವವರ ಜೊತೆ ಮಾತಾಡಿ. ಬೀಳು ಹೊಲ ಅಂದ್ರೆ ಅವರ ದಾರಿ. ಅವರಿಗೆ ಹೇಳದೆ ಗೂಟದಿಂದ ಗೂಟಕ್ಕೆ ಗುರುತಿನ ಟೇಪ್ ಕಟ್ಟಿದರೆ ಓಟದ ನಡುವೆ ಇನ್ನೂರು ಕುರಿ ಬರುತ್ತವೆ, ತಪ್ಪು ಅವರದಲ್ಲ. ಹಿಂದಿನ ಎರಡು ದಿನ ಊರ ಗುಡಿಯ ಮೈಕಿನಲ್ಲಿ ಹೇಳಿಸಿ, ಹಿಂಡು ಹಾದು ಹೋಗಲು ಬೇರೆ ದಾರಿ ನೀವೇ ತೋರಿಸಿ.

ಹಂತ 4: ಸಾಮಾನು

50 ಮೀಟರಿನ ಅಳತೆ ಟೇಪು, ಸುಣ್ಣದ ಪುಡಿ ಎರಡು ಚೀಲ, ಹಾರೆ, ಗುದ್ದಲಿ, ಸಲಿಕೆ, ಮರದ ಕೊಡತಿ. ಗೂಟ ಸುಮಾರು 400. ನೇರ ದಾರಿಗೆ 10 ಮೀಟರಿಗೊಂದು, ತಿರುವಿನಲ್ಲಿ 3 ಮೀಟರಿಗೊಂದು ಬೇಕಾಗುತ್ತದೆ. ಪಕ್ಕಪಕ್ಕದ ಎರಡು ದಾರಿಗೆ ಒಂದೇ ಸಾಲು ಗೂಟ ಸಾಕು.

ಗೂಟ ಬಿದಿರಿನದು ಅಥವಾ ತೆಳು ಪಿವಿಸಿ ಪೈಪಿನದು ಇರಲಿ. ಕಟ್ಟಡದ ಕೆಲಸದಿಂದ ಉಳಿದ ಕಬ್ಬಿಣದ ಸರಳು ಬಿಟ್ಟಿ ಸಿಗುತ್ತದೆ ಅಂತ ತರಬೇಡಿ. ಸವಾರ ಬಿದ್ದಾಗ ಗೂಟ ಬಗ್ಗಬೇಕು ಅಥವಾ ಮುರಿಯಬೇಕು, ಕಬ್ಬಿಣ ಎರಡೂ ಮಾಡಲ್ಲ. ಮರ, ಬಂಡೆ, ಕಂಬಕ್ಕೆ ಸುತ್ತಲು ಭತ್ತದ ಹುಲ್ಲಿನ ಪೆಂಡಿ ತರಿಸಿ. ಗಂಗಾವತಿ, ಸಿಂಧನೂರು ಕಡೆ ಇದಕ್ಕೇನೂ ಬರ ಇಲ್ಲ.

ಇಷ್ಟರ ಜೊತೆಗೆ ಎರಡು ನೀರಿನ ಡ್ರಮ್, ಬಕೆಟ್ಟು, ಬ್ರಷ್ಷು, ನೆಲದ ಮೇಲೆ ನಿಲ್ಲುವ ಗಾಳಿ ಪಂಪು, ಒಂದು ದೊಡ್ಡ ಗಂಟೆ, ಎರಡು ಸ್ಟಾಪ್‌ವಾಚು, ನಾಲ್ಕು ಸೀಟಿ. ಹಳೇ ಗೋಣಿ ತಟ್ಟು ಎಷ್ಟು ಸಿಕ್ಕರೆ ಅಷ್ಟು ತೆಗೆದಿಡಿ, ಯಾಕೆ ಅಂತ ಮುಂದೆ ಹೇಳ್ತೀನಿ.

ಹಂತ 5: ದಾರಿ ಬಿಡಿಸೋದು

ಇದನ್ನು ಓಟಕ್ಕೆ ಮೂರು ವಾರ ಮೊದಲು ಮಾಡಿ. ಕಾಗದದ ಮೇಲೆ ಅಲ್ಲ, ಹೊಲದಲ್ಲಿ ನಡೆದು.

ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ಅಳತೆ ಹೀಗಿದೆ: ಒಂದು ಸುತ್ತು 2.5 ರಿಂದ 3.5 ಕಿ.ಮೀ. ದಾರಿ ಎಲ್ಲೂ 3 ಮೀಟರಿಗಿಂತ ಕಿರಿದಾಗಬಾರದು. ನೂರಕ್ಕೆ ಕನಿಷ್ಠ 90 ಭಾಗ ಸೈಕಲ್ ಮೇಲೆ ಕೂತೇ ಹೋಗುವಂತಿರಬೇಕು. ಊರ ಓಟಕ್ಕೆ ಸುತ್ತು 2 ಕಿ.ಮೀ. ಆದರೂ ಪರವಾಗಿಲ್ಲ ಅನ್ನೋದು ನನ್ನ ಅಭಿಪ್ರಾಯ, ಆದರೆ 3 ಮೀಟರ್ ಅಗಲದಲ್ಲಿ ರಾಜಿ ಬೇಡ. ಹಿಂದಿನವನು ಮುಂದಿನವನನ್ನು ದಾಟಲು ಆಗದಿದ್ದರೆ ಅದು ಮೆರವಣಿಗೆ ಆಗುತ್ತದೆ.

ಮೊದಲು ಸ್ಟಾರ್ಟ್ ಗುರುತು ಮಾಡಿ. ಅದಕ್ಕೆ ಕನಿಷ್ಠ 150 ಮೀಟರ್ ನೇರ ದಾರಿ, 6 ಮೀಟರ್ ಅಗಲ ಬೇಕು. ಸ್ವಲ್ಪ ಏರು ಇದ್ದರೆ ಇನ್ನೂ ಒಳ್ಳೆಯದು, ವೇಗ ತಾನಾಗೇ ಹದಕ್ಕೆ ಬರುತ್ತದೆ. ನಾನು ನೋಡಿದ ದೊಡ್ಡ ಬೀಳುಗಳೆಲ್ಲ ಮೊದಲ ತಿರುವಿನಲ್ಲೇ ಆಗಿವೆ. 6 ಮೀಟರ್ ಅಗಲದಲ್ಲಿ ಬಂದ ಗುಂಪು ಒಮ್ಮೆಗೇ 3 ಮೀಟರಿಗೆ ಇಕ್ಕಟ್ಟಾದಾಗ ಹೊರಗಡೆ ಇದ್ದವರು ಗೂಟಕ್ಕೆ ಹೋಗುತ್ತಾರೆ. ಮೊದಲ ತಿರುವು ಅಗಲವಾಗಿ, ನಿಧಾನವಾಗಿ ಬಾಗಲಿ. ದಾರಿ ಕಿರಿದಾಗೋದು ಮೆಲ್ಲಗೆ, ಐವತ್ತು ಹೆಜ್ಜೆಯಲ್ಲಿ ಆಗಲಿ.

ಆಮೇಲೆ ಫಿನಿಶ್. ಕೊನೆಯ 100 ಮೀಟರ್ ನೇರ, 4 ಮೀಟರ್ ಅಗಲ. ಗೆರೆ ದಾಟಿದ ಮೇಲೂ ನಿಲ್ಲಲು ಜಾಗ ಬೇಕು, ಅಲ್ಲೇ ಫೋಟೋದವರು, ಮನೆಯವರು ಗುಂಪು ಕಟ್ಟುತ್ತಾರೆ. ಅವರಿಗೆ ಹಗ್ಗ ಹಾಕಿ.

ಈ ಎರಡರ ನಡುವೆ ಉಳಿದದ್ದನ್ನು ತುಂಬಿಸಿ. ಒಂದು ವೇಗದ ಪಟ್ಟಿ, ಅದರ ನಂತರ ಎರಡು ಮೂರು ಬಿಗಿ ತಿರುವು, ಆಮೇಲೆ ದಿಬ್ಬ. ತಿರುವುಗಳನ್ನೇ ತುಂಬಬೇಡಿ. ಎಮ್ಮೆ ಕಟ್ಟಿದ ಹಗ್ಗದ ಥರ ಅಲ್ಲೇ ಸುತ್ತುವ ದಾರಿಯಲ್ಲಿ ಯಾರಿಗೂ ಉಸಿರು ಬಿಟ್ಟು ಪೆಡಲ್ ತುಳಿಯಲು ಆಗಲ್ಲ. ದಿಬ್ಬ ಇಳಿಯುವ ಕಡೆ ಕೆಳಗೆ ನೇರವಾಗಿ ಬಿಡಿ, ತಿರುವು ಇಡಬೇಡಿ. ಗಟ್ಟಿ ನೆಲದ ಮೇಲೆ ಸಡಿಲ ಗರಸು ಹರಡಿದ್ದರೆ ಅದು ಗೋಲಿಯ ಮೇಲೆ ಓಡಿದ ಹಾಗೆ, ತಿರುವಿನಲ್ಲಿ ಪೊರಕೆ ಹಿಡಿದು ಗುಡಿಸಿ.

ಉತ್ತಿದ ಸಾಲುಗಳಿದ್ದರೆ ಟ್ರ್ಯಾಕ್ಟರಿಗೆ ಕುಂಟೆ ಕಟ್ಟಿ ಒಮ್ಮೆ ಸಮ ಮಾಡಿಸಿ. ಆಗದ ಕಡೆ ದಾರಿಯನ್ನು ಸಾಲಿಗೆ ಅಡ್ಡವಾಗಿ ಹಾಯಿಸಿ, ಸಾಲಿನ ಉದ್ದಕ್ಕೆ ಬೇಡ.

ಸುಣ್ಣದಲ್ಲಿ ಗೆರೆ ಎಳೆದ ಮೇಲೆ ಮೂರು ಜನರನ್ನು ಓಡಿಸಿ: ಚೆನ್ನಾಗಿ ಓಡುವವರು ಒಬ್ಬರು, ಹೊಸಬರು ಒಬ್ಬರು, ಒಂದು ಮಗು. ಹೊಸಬರು ಎಲ್ಲಿ ಇಳಿಯುತ್ತಾರೆ, ಮಗು ಎಲ್ಲಿ ಹೆದರುತ್ತದೆ ಅಂತ ನೋಡಿ ಬರೆದುಕೊಳ್ಳಿ. ಚೆನ್ನಾಗಿ ಓಡುವವರ ಮಾತನ್ನಷ್ಟೇ ಕೇಳಿದರೆ ದಾರಿ ಅವರಿಗಷ್ಟೇ ಸರಿ ಹೋಗುತ್ತದೆ. ಅವರ ಒಂದು ಸುತ್ತಿನ ಸಮಯವನ್ನೂ ಬರೆದಿಡಿ, 6 ರಿಂದ 8 ನಿಮಿಷದ ಒಳಗೆ ಬಂದರೆ ಅಳತೆ ಸರಿಯಾಗಿದೆ.

ಹಂತ 6: ಅಡ್ಡಿಗಳು

ಹಲಗೆ: ಎರಡು ಮರದ ಹಲಗೆ, ಒಂದರಿಂದ ಇನ್ನೊಂದಕ್ಕೆ 4 ಮೀಟರ್. ಎತ್ತರ 40 ಸೆಂ.ಮೀ. ದಾಟುವಂತಿಲ್ಲ. ಹೊಸಬರಿಗೆ, ಶಾಲಾ ಮಕ್ಕಳಿಗೆ 20 ಸೆಂ.ಮೀ. ಸಾಕು. ಕೆಳಗೆ ಸಂದು ಇರಬಾರದು, ಚಕ್ರ ಸಿಕ್ಕಿಕೊಳ್ಳುತ್ತದೆ. ತಗಡು, ಕಬ್ಬಿಣ ಬೇಡ. ಮೇಲಿನ ಅಂಚಿಗೆ ಬಿಳಿ ಬಣ್ಣ ಹಚ್ಚಿ, ಬೆಳಗಿನ ಓರೆ ಬಿಸಿಲಲ್ಲಿ ಕಾಣಬೇಕು. ಹಲಗೆ ಇಡೋದು ಸಮ ನೆಲದಲ್ಲಿ, ಒಂದು ನಿಧಾನದ ತಿರುವು ಆದ ಮೇಲೆ. ಇಳಿಜಾರಿನ ಕೊನೆಗೆ ಇಟ್ಟರೆ ಮೊಣಕಾಲು, ಹಲ್ಲು ಹೋಗುತ್ತವೆ.

ಮರಳು: ಬೆಲ್ಜಿಯಂನ ಕೊಕ್ಸೈಡ್ ಊರಿನ ಓಟ ಸಮುದ್ರ ದಂಡೆಯ ಮರಳು ದಿಬ್ಬಗಳಿಂದಲೇ ಹೆಸರಾದದ್ದು. ನಮ್ಮ ಹಳ್ಳಗಳಲ್ಲೂ ಮರಳಿದೆ. ಇರುವ ಹಳ್ಳದ ಮರಳನ್ನೇ 30–40 ಮೀಟರ್ ಬಳಸಿ, ಆದರೆ ಟ್ರ್ಯಾಕ್ಟರಿನಲ್ಲಿ ಮರಳು ತಂದು ಸುರಿಯೋಕೆ ಹೋಗಬೇಡಿ, ಅನುಮತಿ ಇಲ್ಲದೆ ಮರಳು ಸಾಗಿಸಿದರೆ ಕೇಸು. ತುಂಗಭದ್ರೆಯ ಪಾತ್ರಕ್ಕೂ ಇಳಿಯಬೇಡಿ. ಅಲ್ಲಿ ಮೊಸಳೆ ಇವೆ, ಡ್ಯಾಮಿನಿಂದ ನೀರು ಯಾವಾಗ ಬರುತ್ತದೆ ಅನ್ನೋದು ನಮ್ಮ ಕೈಯಲ್ಲಿಲ್ಲ. ಮರಳಿಗೆ ಹೋಗುವ, ಮರಳಿನಿಂದ ಬರುವ ದಾರಿ ಎರಡೂ ನೇರ ಇರಲಿ.

ಏರು: ಹೊತ್ತು ಓಡುವ ಏರು ಚಿಕ್ಕದಿರಲಿ. ಮೆಟ್ಟಿಲಿದ್ದರೆ ಹತ್ತಲು ಮಾತ್ರ, ಇಳಿಯಲು ಯಾವತ್ತೂ ಬೇಡ.

ಹಂತ 7: ಮುಳ್ಳು

ಇದೇ ನಮ್ಮ ಸೀಮೆಯ ನಿಜವಾದ ಪರೀಕ್ಷೆ. ಇಡೀ ರಾಜ್ಯದಲ್ಲಿ ಆ ಗಿಡಕ್ಕೆ ಬಳ್ಳಾರಿ ಜಾಲಿ ಅಂತಾನೇ ಹೆಸರು, ಅಂದ ಮೇಲೆ ಬಳ್ಳಾರಿಯವರು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಓಟ ಇಟ್ಟರೆ ಹೇಗೆ? ಆದರೆ ನನಗೆ ಜಾಲಿಗಿಂತ ಭಯ ನೆಗ್ಗಿಲು ಮುಳ್ಳಿನದು. ಜಾಲಿ ಕಣ್ಣಿಗೆ ಕಾಣುತ್ತದೆ. ನೆಗ್ಗಿಲು ನೆಲಕ್ಕೆ ಅಂಟಿಕೊಂಡು ಹರಡುವ ಬಳ್ಳಿ, ಹಳದಿ ಸಣ್ಣ ಹೂ. ಕಾಯಿ ಒಣಗಿ ಒಡೆದ ಮೇಲೆ ಪ್ರತಿ ತುಂಡೂ ಹೇಗೆ ಬಿದ್ದರೂ ಒಂದು ಮುಳ್ಳು ಮೇಲಕ್ಕೆ ಇರುತ್ತದೆ.

ಕ್ರಮ ಹೀಗೆ. ಮೂರು ವಾರ ಮೊದಲು ದಾರಿಯ ಮೇಲಿನ ಮತ್ತು ಎರಡೂ ಕಡೆ 2 ಮೀಟರ್‌ವರೆಗಿನ ನೆಗ್ಗಿಲು ಬಳ್ಳಿಯನ್ನು ಬೇರು ಸಮೇತ ಕಿತ್ತು ಚೀಲಕ್ಕೆ ತುಂಬಿ. ಬಳ್ಳಿ ಕಿತ್ತು ಅಲ್ಲೇ ಬಿಸಾಡಿದರೆ ಕಾಯಿ ಉದುರಿ ಮೊದಲಿಗಿಂತ ಕೆಡುತ್ತದೆ. ಜಾಲಿ ಕಡಿದ ಕೊಂಬೆಗಳನ್ನು ದಾರಿ ಮೇಲೆ ಎಳೆದುಕೊಂಡು ಹೋಗಬೇಡಿ, ಎತ್ತಿ ಗಾಡಿಗೆ ಹಾಕಿ. ಈ ಒಂದು ತಪ್ಪನ್ನು ಬಹಳ ಜನ ಮಾಡುತ್ತಾರೆ. ದಾರಿ ಸ್ವಚ್ಛ ಮಾಡೋಕೆ ಹೋಗಿ ಅದೇ ದಾರಿಗೆ ಮುಳ್ಳು ಬಿತ್ತಿ ಬಂದಿರುತ್ತಾರೆ.

ಓಟದ ಹಿಂದಿನ ದಿನ ಗೋಣಿ ತಟ್ಟುಗಳನ್ನು ನೀರಲ್ಲಿ ನೆನೆಸಿ, ಮೇಲೆ ಒಂದೆರಡು ಕಲ್ಲಿಟ್ಟು, ಹಗ್ಗ ಕಟ್ಟಿ ಇಡೀ ಸುತ್ತನ್ನು ಮೂರು ಸಲ ಎಳೆಯಿರಿ. ನೆಗ್ಗಿಲು ತುಂಡುಗಳು ಗೋಣಿಗೆ ಕಚ್ಚಿಕೊಳ್ಳುತ್ತವೆ. ಮೊದಲ ಸಲ ಎಳೆದ ಮೇಲೆ ತಟ್ಟನ್ನು ತಿರುಗಿಸಿ ನೋಡಿ, ಅದರಲ್ಲಿ ಕೂತ ಮುಳ್ಳು ನೋಡಿದರೆ ಯಾಕೆ ಹೇಳಿದೆ ಅಂತ ತಿಳಿಯುತ್ತದೆ. ಮೂರನೇ ಸಲವೂ ತಟ್ಟಿನ ತುಂಬ ಮುಳ್ಳು ಬಂದರೆ ಅದು ಎಚ್ಚರಿಕೆ: ಆ ಭಾಗವನ್ನು ಬಿಟ್ಟು ದಾರಿ ತಿರುಗಿಸಿ. ಕೊನೆಗೆ ಒಬ್ಬರು ತೆಳು ಹವಾಯಿ ಚಪ್ಪಲಿ ಹಾಕಿಕೊಂಡು ಪೂರ್ತಿ ಸುತ್ತು ನಡೆದು, ಅಡಿ ನೋಡಲಿ.

ಹಂತ 8: ಪಿಟ್

ಪಿಟ್ ಅಂದ್ರೆ ಸೈಕಲ್ ಅಥವಾ ಚಕ್ರ ಬದಲಾಯಿಸುವ ಜಾಗ. ದಾರಿ ಒಂದೇ ಜಾಗದ ಎರಡು ಮಗ್ಗುಲಿಗೆ ಬರುವಂತೆ ಮಾಡಿದರೆ ಒಂದೇ ಪಿಟ್ ಸುತ್ತಿಗೆ ಎರಡು ಸಲ ಸಿಗುತ್ತದೆ, ಜನವೂ ಕಡಿಮೆ ಸಾಕು. ನಿಯಮ ಸರಳ: ಬದಲಾವಣೆ ಪಿಟ್ಟಿನಲ್ಲಿ ಮಾತ್ರ. ಪಿಟ್ ದಾಟಿದ ಮೇಲೆ ಪಂಚರ್ ಆದರೆ ಹಿಂದಕ್ಕೆ ಬರುವಂತಿಲ್ಲ, ಮುಂದಿನ ಪಿಟ್‌ವರೆಗೆ ನೂಕಿಕೊಂಡೋ ಹೊತ್ತುಕೊಂಡೋ ಹೋಗಬೇಕು. ಇದನ್ನು ಬೆಳಗ್ಗೆ ಎಲ್ಲರಿಗೂ ಬಾಯಿಬಿಟ್ಟು ಹೇಳಿ, ಇಲ್ಲದಿದ್ದರೆ ಎದುರಿನಿಂದ ಸೈಕಲ್ ಬಂದು ಡಿಕ್ಕಿ ಆಗುತ್ತದೆ.

ಯುರೋಪಿನ ಚಳಿಯಲ್ಲಿ ಓಟದ ನಡುವೆ ನೀರು ಕೊಡೋ ಪದ್ಧತಿ ಸಾಮಾನ್ಯವಾಗಿ ಇಲ್ಲ. ನಮಗೆ ಬೇಕೇ ಬೇಕು, ಪಿಟ್ಟಿನಲ್ಲೇ ಕೊಡಿ.

ಹಂತ 9: ವಿಭಾಗ, ಸೈಕಲ್ ತಪಾಸಣೆ

ಬಾಗಿದ ಹ್ಯಾಂಡಲಿನ ನಿಜವಾದ ಸೈಕ್ಲೋಕ್ರಾಸ್ ಸೈಕಲ್ ನಮ್ಮಲ್ಲಿ ಬೆರಳೆಣಿಕೆ. ಹಾಗಂತ ಉಳಿದವರನ್ನು ಬಿಟ್ಟರೆ ಹಬ್ಬ ಎಲ್ಲಿ ಆಗುತ್ತದೆ? ಮೌಂಟನ್ ಬೈಕ್, ಗ್ರಾವೆಲ್, ಹೈಬ್ರಿಡ್ ಎಲ್ಲಕ್ಕೂ ಜಾಗ ಕೊಡಿ. ಹೆಣ್ಣುಮಕ್ಕಳಿಗೆ ಬೇರೆ ಓಟ, ಅದೇ ಬಹುಮಾನ. ಶಾಲೆಯಿಂದ ಬಂದ ಸಾದಾ ಸೈಕಲ್ ಇರುವ ಮಕ್ಕಳಿಗೆ ಒಂದು ವಿಭಾಗ ಇಡಿ, ಅರ್ಧ ಸುತ್ತಿನ ದಾರಿ, ಹಲಗೆ ಇಲ್ಲದೆ. ನನಗೆ ಇಡೀ ದಿನದಲ್ಲಿ ಇಷ್ಟವಾಗುವ ಓಟ ಅದೇ.

ಸಮಯ: ಹಿರಿಯ ವಿಭಾಗದ (ವಯಸ್ಸಾದವರಲ್ಲ, ಮುಖ್ಯ ಓಟದ) ಪುರುಷರಿಗೆ ಅಂತರರಾಷ್ಟ್ರೀಯ ಮಟ್ಟದಲ್ಲಿ 60 ನಿಮಿಷ, ಮಹಿಳೆಯರಿಗೆ 50, ಜೂನಿಯರಿಗೆ 40. ಊರಲ್ಲಿ ಹಿರಿಯರಿಗೆ 45–50, ಹೊಸಬರಿಗೆ 30, ಮಕ್ಕಳಿಗೆ 10–15 ನಿಮಿಷ ಸಾಕು.

ತಪಾಸಣೆಯಲ್ಲಿ ನೋಡಬೇಕಾದದ್ದು: ಎರಡೂ ಬ್ರೇಕ್ ಹಿಡಿಯುತ್ತವಾ, ಹ್ಯಾಂಡಲಿನ ತುದಿಗೆ ಮುಚ್ಚಳ ಇದೆಯಾ, ಹೆಲ್ಮೆಟ್ ಸರಿಯಾಗಿ ಕೂರುತ್ತದಾ. ಸ್ಟ್ಯಾಂಡು, ಕ್ಯಾರಿಯರು, ಬುಟ್ಟಿ ಬಿಚ್ಚಿಸಿ, ಬಿದ್ದಾಗ ಇವೇ ಚುಚ್ಚೋದು. ತೆರೆದ ಹ್ಯಾಂಡಲ್ ಪೈಪು ಹೊಟ್ಟೆಗೆ ಚುಚ್ಚಿದರೆ ಏನಾಗುತ್ತದೆ ಅಂತ ವಿವರಿಸಬೇಕಿಲ್ಲ. ಹೆಲ್ಮೆಟ್ ಇಲ್ಲದವರು ಯಾರೇ ಇರಲಿ, ಅತಿಥಿಗಳ ಮನೆಯವರೇ ಆಗಿರಲಿ, ಓಡುವಂತಿಲ್ಲ. 18 ಆಗದವರಿಗೆ ತಂದೆ ತಾಯಿಯ ಸಹಿ ತೆಗೆದುಕೊಳ್ಳಿ.

ಒಂದು ವಾರ ಮೊದಲೇ ಎಲ್ಲರಿಗೂ ಈ ಸಂದೇಶ ಕಳಿಸಿ: ಟ್ಯೂಬ್‌ಲೆಸ್ ಇದ್ದವರು ಸೀಲೆಂಟ್ (ಟೈರಿನ ತೂತು ಮುಚ್ಚುವ ದ್ರವ) ಹೊಸದಾಗಿ ಹಾಕಿಸಿ, ನಮ್ಮ ಬಿಸಿಲಿಗೆ ಎರಡು ಮೂರು ತಿಂಗಳಲ್ಲಿ ಅದು ಒಣಗುತ್ತದೆ. ಟ್ಯೂಬ್ ಇದ್ದವರು ಗಾಳಿಯನ್ನು ತೀರಾ ಇಳಿಸಬೇಡಿ. 33 ಮಿ.ಮೀ. ಟೈರಿಗೆ ಸೀಲೆಂಟಿನ ಜೊತೆ 25–30 ಪಿಎಸ್‌ಐ ಗಾಳಿ ನಡೆಯುತ್ತದೆ, ಟ್ಯೂಬ್ ಇದ್ದರೆ 35–40 ಇರಲಿ. ಇಲ್ಲದಿದ್ದರೆ ಕಲ್ಲಿಗೆ ತಾಗಿ ರಿಮ್ಮಿನ ನಡುವೆ ಟ್ಯೂಬ್ ಕತ್ತರಿಸುತ್ತದೆ.

ಹಂತ 10: ಹಿಂದಿನ ದಿನ

ಬೆಳಗ್ಗೆ ಗೂಟ, ಟೇಪ್. ಮಧ್ಯಾಹ್ನ ಗೋಣಿ ಎಳೆಯೋದು. ಸಂಜೆ ಮಸಾರಿ ನೆಲಕ್ಕೆ ಟ್ಯಾಂಕರಿನಿಂದ ತೆಳ್ಳಗೆ ನೀರು, ಧೂಳು ಕೂರುವಷ್ಟು ಮಾತ್ರ. ಬೆಳಗ್ಗೆ ಹೊಡೆದರೆ ಮೇಲ್ಪದರ ಜಾರುತ್ತದೆ, ಹಾಗಾಗಿ ಸಂಜೆಯೇ ಮುಗಿಸಿ. ದಾರಿಯಲ್ಲಿ ಎಲ್ಲಾದರೂ ಎರೆಯ ತುಂಡು ಇದ್ದರೆ ಅಲ್ಲಿ ಟ್ಯಾಂಕರಿನ ನಲ್ಲಿ ಬಂದ್. ಒಂದು ಸಲ ನಾವು ಇದನ್ನು ಟ್ಯಾಂಕರ್ ಚಾಲಕರಿಗೆ ಹೇಳಲು ಮರೆತು, ಬೆಳಗ್ಗೆ ಆರು ಗಂಟೆಗೆ ಅರವತ್ತು ಮೀಟರ್ ದಾರಿಯನ್ನು ಬೇರೆ ಕಡೆ ಹಾಕಬೇಕಾಯಿತು.

ಸಂಜೆ ಐದಕ್ಕೆ ಹೊಸಬರನ್ನು ಕರೆದು ಹಲಗೆ ದಾಟೋದು ಕಲಿಸಿ. ಬಿದ್ದು ಕೈ ಮುರಿದುಕೊಳ್ಳೋದನ್ನು ಈ ಅರ್ಧ ಗಂಟೆ ತಪ್ಪಿಸುತ್ತದೆ. ಮೊದಲು ನಡೆದುಕೊಂಡು, ಆಮೇಲೆ ನಿಧಾನ ಸೈಕಲ್ ಮೇಲೆ: ಬಲಗಾಲನ್ನು ಸೀಟಿನ ಹಿಂದಿನಿಂದ ಎಡಕ್ಕೆ ತನ್ನಿ, ಎಡಗಾಲು ಇನ್ನೂ ಪೆಡಲಿನ ಮೇಲೇ ಇರಲಿ. ಬಲಗೈ ಮೇಲಿನ ಪೈಪು ಹಿಡಿಯಲಿ. ಹಲಗೆಗೆ ಎರಡು ಹೆಜ್ಜೆ ಇರುವಾಗ ಇಳಿದು ಓಡಲು ಶುರು ಮಾಡಿ, ಎತ್ತಿ, ದಾಟಿ, ಇಳಿಸಿ, ಮತ್ತೆ ಹತ್ತಿ. ಎಲ್ಲರೂ ಮಾಡುವ ತಪ್ಪು ಅಂದ್ರೆ ಹಲಗೆಯ ಮುಂದೆ ಬ್ರೇಕ್ ಒತ್ತಿ ಪೂರ್ತಿ ನಿಲ್ಲೋದು. ಹಿಂದಿನವರು ಬಂದು ಗುದ್ದುತ್ತಾರೆ. ಹತ್ತುವಾಗ ಸೀಟಿನ ಮೇಲೆ ಎಗರಿ ಕೂರೋದೂ ಬೇಡ, ತೊಡೆಯ ಒಳಭಾಗ ಮೊದಲು ತಾಗಿ ಜಾರಿ ಕೂರಬೇಕು.

ಹಂತ 11: ಓಟದ ಬೆಳಗ್ಗೆ

ಮೊದಲ ಓಟ 7 ಗಂಟೆಗೆ. ಮಕ್ಕಳು, ಹೊಸಬರು, ಮಹಿಳೆಯರು, ಹಿರಿಯರು, ಈ ಕ್ರಮದಲ್ಲಿ ಹತ್ತೂವರೆಗೆ ಎಲ್ಲ ಮುಗಿಯಬೇಕು. ಭಾಷಣ ಇದ್ದರೆ ಓಟದ ನಂತರ ಇಡಿ. ಅತಿಥಿ ಬರೋದು ತಡ ಅಂತ ಮಕ್ಕಳನ್ನು ಗೆರೆ ಮೇಲೆ ಬಿಸಿಲಲ್ಲಿ ನಿಲ್ಲಿಸಬೇಡಿ.

ಸ್ಟಾರ್ಟಿನಲ್ಲಿ ಒಬ್ಬರಿಗೆ 75 ಸೆಂ.ಮೀ. ಜಾಗ. 6 ಮೀಟರ್ ಅಗಲಕ್ಕೆ ಸಾಲಿಗೆ 8 ಜನ. ಹೆಸರು ಕರೆದು ನಿಲ್ಲಿಸಿ, ನೂಕಾಟಕ್ಕೆ ಬಿಡಬೇಡಿ.

ಈಗ ಸುತ್ತಿನ ಲೆಕ್ಕ. ಎಷ್ಟು ಸುತ್ತು ಅಂತ ಮೊದಲೇ ಘೋಷಿಸಬೇಡಿ. ಮುಂದಿರುವವರ ಮೊದಲ ಎರಡು ಸುತ್ತಿನ ಸಮಯ ನೋಡಿ ನಿರ್ಧರಿಸಿ. ಉದಾಹರಣೆಗೆ ಒಂದು ಸುತ್ತು 7 ನಿಮಿಷ 20 ಸೆಕೆಂಡ್ ಬಂತು, ಓಟ 50 ನಿಮಿಷದ್ದು. 6 ಸುತ್ತಿಗೆ 44 ನಿಮಿಷ, 7 ಸುತ್ತಿಗೆ 51 ನಿಮಿಷ 20 ಸೆಕೆಂಡ್. ಹಾಗಾದರೆ 7 ಸುತ್ತು. ಮೂರನೇ ಸುತ್ತಿನಿಂದ ಎಷ್ಟು ಬಾಕಿ ಅಂತ ಬೋರ್ಡ್ ತೋರಿಸುತ್ತಾ ಹೋಗಿ, ಕೊನೆಯ ಸುತ್ತಿಗೆ ಗಂಟೆ ಬಾರಿಸಿ. ಮುಂದಿನವರು ಮುಗಿಸಿದ ಮೇಲೆ ಗೆರೆ ದಾಟುವ ಎಲ್ಲರಿಗೂ ಓಟ ಅಲ್ಲಿಗೇ ಮುಗೀತು, ಅವರು ಎಷ್ಟೇ ಸುತ್ತು ಹಿಂದಿದ್ದರೂ.

ದೊಡ್ಡ ಓಟಗಳಲ್ಲಿ 80 ಶೇಕಡಾ ನಿಯಮ ಇದೆ. ಮುಂದಿರುವವರ ಮೊದಲ ಸುತ್ತಿನ ಸಮಯದ 80 ಭಾಗಕ್ಕಿಂತ ಜಾಸ್ತಿ ಹಿಂದೆ ಬಿದ್ದವರನ್ನು ಹೊರಗೆ ಕರೆಯುತ್ತಾರೆ. ನಮ್ಮ ಉದಾಹರಣೆಯಲ್ಲಿ ಅದು 5 ನಿಮಿಷ 52 ಸೆಕೆಂಡ್. ಊರ ಹಬ್ಬದಲ್ಲಿ ಇದು ಬೇಡ ಅಂತ ನಾನು ಖಂಡಿತವಾಗಿ ಹೇಳ್ತೀನಿ. ದೂರದ ಹಳ್ಳಿಯಿಂದ ಸೈಕಲ್ ಹೊತ್ತು ತಂದವರನ್ನು ಮೂರು ಸುತ್ತಿಗೆ ಕೂರಿಸಿದರೆ ಅವರು ಮುಂದಿನ ವರ್ಷ ಬರಲ್ಲ.

ಎಣಿಸಲು ಎರಡು ಜೋಡಿ ಬೇಕು. ಪ್ರತಿ ಜೋಡಿಯಲ್ಲಿ ಒಬ್ಬರು ನಂಬರ್ ಕೂಗೋದು, ಒಬ್ಬರು ಬಂದ ಕ್ರಮದಲ್ಲೇ ಬರೆಯೋದು. ಎರಡು ಜೋಡಿ ದೂರ ಕೂರಲಿ, ಒಬ್ಬರದು ನೋಡಿ ಇನ್ನೊಬ್ಬರು ಬರೆಯಬಾರದು. ಜೊತೆಗೆ ಗೆರೆಗೆ ನೇರವಾಗಿ ಒಂದು ಮೊಬೈಲ್ ಸ್ಟ್ಯಾಂಡ್ ಮೇಲೆ ವಿಡಿಯೋ ಓಡುತ್ತಿರಲಿ. ನಂಬರು ಬೆನ್ನಿಗೂ ತೋಳಿಗೂ ಇರಲಿ. ಸಾದಾ ಕಾಗದ ಬೆವರಿಗೆ ಹರಿಯುತ್ತದೆ, ಬಟ್ಟೆಯ ಮೇಲೆ ಬರೆಸಿ.

ಹಂತ 12: ಎಚ್ಚರಿಕೆಯ ಗುರುತುಗಳು

108ಕ್ಕೆ ಫೋನ್ ಮಾಡಿದರೆ ಬರುತ್ತದೆ ಬಿಡಿ ಅನ್ನೋ ಧೈರ್ಯದಲ್ಲಿ ಓಟ ಶುರು ಮಾಡಬೇಡಿ. ಒಂದು ಆಂಬುಲೆನ್ಸ್ ಹೊಲದ ಅಂಚಲ್ಲೇ ನಿಂತಿರಬೇಕು, ಅದು ಹೊರಗೆ ಹೋದರೆ ವಾಪಸ್ ಬರುವವರೆಗೆ ಮುಂದಿನ ಓಟ ಬಿಡಬೇಡಿ. ಆಂಬುಲೆನ್ಸಿನ ದಾರಿಗೆ ಅಡ್ಡ ಯಾರೂ ಕಾರು ನಿಲ್ಲಿಸದಂತೆ ಒಬ್ಬರನ್ನು ಅಲ್ಲೇ ನಿಲ್ಲಿಸಿ.

ಬಿಸಿಲು ತಾಗಿದವರು ಮೊದಲು ನೇರ ದಾರಿಯಲ್ಲೂ ಓಲಾಡುತ್ತಾರೆ, ಕೇಳಿದ್ದಕ್ಕೆ ಬೇರೇನೋ ಹೇಳುತ್ತಾರೆ. ಮೈ ಸುಡುತ್ತಾ ಇದ್ದರೆ, ಮಾತು ತೊದಲಿದರೆ ಓಟ ಅಲ್ಲಿಗೇ ಬಿಡಿಸಿ, ನೆರಳಿಗೆ ತಂದು, ತಲೆ ಕುತ್ತಿಗೆ ಕಂಕುಳಿಗೆ ತಣ್ಣೀರು ಹಾಕುತ್ತಾ ಆಸ್ಪತ್ರೆಗೆ ಕಳಿಸಿ. ಪ್ರಜ್ಞೆ ಸರಿ ಇಲ್ಲದವರ ಬಾಯಿಗೆ ನೀರು ಹಾಕಬೇಡಿ. ತಲೆಗೆ ಪೆಟ್ಟು ಬಿದ್ದವರು ಎದ್ದು ನಿಂತು ಏನೂ ಆಗಿಲ್ಲ ಅಂದರೂ ಮತ್ತೆ ಓಡಿಸಬೇಡಿ.

ಒಂದೇ ತಿರುವಿನಲ್ಲಿ ಎರಡು ಸಲ ಬಿದ್ದರೆ ಅದು ಸವಾರರ ತಪ್ಪಲ್ಲ, ತಿರುವಿನದು. ಮುಂದಿನ ಓಟಕ್ಕೆ ಮೊದಲು ಸರಿ ಮಾಡಿ. ಚಕ್ರದಿಂದ ಮಣ್ಣು ಕೆರೆಯಲು ಜನ ನಿಲ್ಲುತ್ತಿದ್ದರೆ ಆ ಭಾಗ ಬಿಟ್ಟು ದಾರಿ ಚಿಕ್ಕದು ಮಾಡಿ. ಜನ ದಾರಿ ದಾಟುವ ಕಡೆ ಇಬ್ಬರು ಸ್ವಯಂಸೇವಕರು ಸೀಟಿ ಹಿಡಿದು ನಿಂತಿರಲಿ, ಕುರಿ ದಾಟುವ ಕಡೆಯೂ ಹಾಗೇ.

ಸವಾರರಿಗೆ ಓಟಕ್ಕೆ ಮೊದಲು ಬಾಳೆಹಣ್ಣು, ನೀರು. ಒಗ್ಗರಣೆ ಮಿರ್ಚಿ ಮತ್ತು ಮಜ್ಜಿಗೆ ಓಟ ಮುಗಿದ ಮೇಲೆ, ಎಣಿಸಲು ಕೂತವರಿಗೆ ಕೂತಲ್ಲೇ ಕೊಡಿ. ಬಹುಮಾನಕ್ಕೆ ಪ್ಲಾಸ್ಟಿಕ್ ಕಪ್ಪಿನ ಬದಲು ಕಿನ್ನಾಳದ ಗೊಂಬೆ ಕೊಟ್ಟು ನೋಡಿ, ಮನೆಯಲ್ಲಿ ಎತ್ತಿಡುತ್ತಾರೆ.

ಹಂತ 13: ಗೂಟ ಕೀಳೋದು

ಅವತ್ತೇ ಮಾಡಿ. ಟೇಪಿನ ಒಂದು ತುಂಡೂ ಉಳಿಯಬಾರದು, ದನ ತಿನ್ನುತ್ತವೆ. ಗೂಟದ ಕುಳಿ ಮುಚ್ಚಿ, ಹಾದಿ ಗಟ್ಟಿಯಾದ ಕಡೆ ಕುಂಟೆ ಹೊಡೆಸಿ ಕೊಡಿ. ಗೂಟಗಳನ್ನು ಐವತ್ತರ ಕಟ್ಟು ಕಟ್ಟಿ ಎಣಿಸಿ ಇಡಿ. ದಾರಿಯನ್ನು ಮೊಬೈಲಿನ ಜಿಪಿಎಸ್‌ನಲ್ಲಿ ಉಳಿಸಿ, ಎಲ್ಲಿ ಬಿದ್ದರು, ಎಲ್ಲಿ ಮುಳ್ಳು ಜಾಸ್ತಿ ಇತ್ತು ಅಂತ ಅದರ ಮೇಲೇ ಬರೆಯಿರಿ. ಮರುದಿನ ಹೊಲದವರನ್ನು ಕರೆದು ಒಂದು ಸುತ್ತು ಜೊತೆಗೆ ನಡೆಯಿರಿ. ಅವರು ತೋರಿಸಿದ್ದನ್ನು ಅಲ್ಲೇ ಸರಿ ಮಾಡಿ, ಮುಂದಿನ ವರ್ಷ ಆ ಹೊಲದಲ್ಲಿ ಏನು ಬಿತ್ತುತ್ತಾರೆ, ಯಾವಾಗ ಖಾಲಿ ಆಗುತ್ತದೆ ಅಂತ ಆಗಲೇ ಕೇಳಿ ಬರೆದುಕೊಳ್ಳಿ.